ಶೋಗಲ್ಲ, ದಿನಾ ಓಡಿಸೋಕೆ: ಒಂದು ಹಳೇ ಲ್ಯಾಂಡ್ ಕ್ರೂಸರ್ ರಿಪೇರಿಯ ಕಥೆ

(ಶಾರ್ಜಾದಲ್ಲಿ ನಡೆದ ನಮ್ಮ ಬಳಗದ ತಿಂಗಳ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣ ಮಾಡುವವನಲ್ಲ. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ 21 ವರ್ಷದಿಂದ ಪಾನಾ ಹಿಡಿದಿರುವವನು. ಅದಕ್ಕೂ ಮೊದಲು ಮೂಡಿಗೆರೆಯಲ್ಲಿ, ಕಾಫಿ ತೋಟದ ಜೀಪುಗಳು ಬರುವ ಒಂದು ಶೆಡ್ಡಿನಲ್ಲಿ ಕೆಲಸ ಕಲಿತವನು. ಈ ಸಲ ಸಮಿತಿಯವರು, "ನೀವು ಮಾಡಿದ ಆ ಹಳೇ ಲ್ಯಾಂಡ್ ಕ್ರೂಸರ್ ಬಗ್ಗೆ ಅರ್ಧ ಗಂಟೆ ಮಾತಾಡಿ" ಅಂದರು. ಇಲ್ಲಿ ಮೆಕ್ಯಾನಿಕ್‌ಗಳಿದ್ದೀರಿ, ಡ್ರೈವರ್‌ಗಳಿದ್ದೀರಿ, ಆಫೀಸಿನವರಿದ್ದೀರಿ, ಪಾನಾ ಮುಟ್ಟದವರೂ ಇದ್ದೀರಿ. ಎಲ್ಲರಿಗೂ ಅರ್ಥ ಆಗೋ ಹಾಗೆ ಹೇಳ್ತೀನಿ. ಮೆಕ್ಯಾನಿಕ್ ತಮ್ಮಂದಿರಿಗೆ ಬೇಕಾದ ಅಳತೆಗಳನ್ನೂ ನಡುನಡುವೆ ಹೇಳ್ತೀನಿ, ಬರ್ಕೊಳ್ಳಿ.

ಹೇಳಬೇಕಾದ ಮುಖ್ಯ ಮಾತು ಒಂದೇ. ಹಳೇ ಗಾಡಿಯನ್ನು ಶೋಗೆ ತಯಾರು ಮಾಡೋದು ಬೇರೆ, ದಿನಾ ಓಡಿಸೋಕೆ ತಯಾರು ಮಾಡೋದು ಬೇರೆ. ಶೋ ಗಾಡಿಯನ್ನು ಟ್ರೇಲರ್ ಮೇಲೆ ಏರಿಸಿ ತಂದು ನಿಲ್ಲಿಸ್ತಾರೆ, ಜನ ಫೋಟೋ ತೆಗೀತಾರೆ, ಮತ್ತೆ ಏರಿಸಿ ಒಯ್ತಾರೆ. ಅದರಲ್ಲಿ ಪೈಂಟು ಮೊದಲು. ದಿನಾ ಓಡುವ ಗಾಡಿಯಲ್ಲಿ ಪೈಂಟು ಕೊನೆ. ಮೊದಲು ಗಾಡಿ ನಿಲ್ಲಬೇಕು, ಆಮೇಲೆ ತಣ್ಣಗಿರಬೇಕು, ಆಮೇಲೆ ಹೇಳಿದ ಕಡೆ ತಿರುಗಬೇಕು, ರಾತ್ರಿ ದಾರಿ ಕಾಣಬೇಕು. ಈ ಸಾಲು ತಪ್ಪಿಸೋಕೆ ನಮ್ಮ ಮೇಲೆ ಒತ್ತಡ ಬರುತ್ತೆ. ಆ ಒತ್ತಡ ಹೇಗಿರುತ್ತೆ ಅನ್ನೋದನ್ನೂ ಹೇಳ್ತೀನಿ.

ಗಾಡಿಯ ಪರಿಚಯ

ಗಾಡಿ ಟೊಯೋಟಾ ಲ್ಯಾಂಡ್ ಕ್ರೂಸರ್ ಎಫ್‌ಜೆ45 ಪಿಕಪ್, 1978ರದ್ದು. ಟೊಯೋಟಾದ 40 ಸೀರೀಸ್ 1960ರಲ್ಲಿ ಶುರುವಾಗಿ 1984ರವರೆಗೆ ಜಪಾನಿನಲ್ಲಿ ತಯಾರಾಯಿತು. ಗಿಡ್ಡದ್ದು 40, ಉದ್ದದ್ದು 45. ಯು.ಎ.ಇ. ಒಂದು ದೇಶ ಆದದ್ದು 1971ರ ಡಿಸೆಂಬರ್ 2ರಂದು. ಆ ಹೊತ್ತಿಗೆ ಒಳನಾಡಿನಲ್ಲಿ ಡಾಂಬರು ರಸ್ತೆ ಕಡಿಮೆ. ಮರಳು, ಕಲ್ಲು, ಒಣಗಿದ ವಾದಿ, ಇವೇ ದಾರಿ. ನಮ್ಮ ಮಲೆನಾಡಿಗೆ ಮಹೀಂದ್ರ ಜೀಪು ಹೇಗೋ ಈ ಸೀಮೆಗೆ ಲ್ಯಾಂಡ್ ಕ್ರೂಸರ್ ಹಾಗೆ. ಸೌದಿಯಲ್ಲಿ ದುಡಿದು ಬಂದವರಿಗೆ 'ಶಾಸ್' ಅನ್ನೋ ಹೆಸರು ಗೊತ್ತಿರುತ್ತೆ. ಚಾಸಿಸ್ ಅನ್ನೋ ಮಾತೇ ಅರಬ್ಬರ ಬಾಯಲ್ಲಿ ಶಾಸ್ ಆಗಿರೋದು. ಈಗ ಓಡಾಡೋ ಆ ಪಿಕಪ್‌ಗಳಿಗೆ ನಮ್ಮ ಈ ಗಾಡಿ ಅಜ್ಜ.

ಮಾಲೀಕರು ಇಲ್ಲಿನ ಅರಬ್ ಹಿರಿಯರು. ನಾವು 'ಬಾಬಾ' ಅಂತೀವಿ. ಅವರ ತಂದೆ ಇದನ್ನು ಹೊಸದಾಗಿ ಕೊಂಡು ಕಲ್ಬಾ ಕಡಲ ತೀರದಲ್ಲಿ ಮೀನು ದೋಣಿ ಎಳೆಯೋಕೆ ಬಳಸಿದ್ದರಂತೆ. ಆಮೇಲೆ ಅಲ್ ಧೈದ್ ಹತ್ತಿರದ ಒಂಟೆ ಫಾರ್ಮಿನಲ್ಲಿ ಹುಲ್ಲು ಹೊತ್ತಿದೆ. ಕೊನೆಗೆ 14 ವರ್ಷ ಅಲ್ಲೇ ಒಂದು ಗಾಫ್ ಮರದ ಕೆಳಗೆ ನಿಂತಿತ್ತು. ಗಾಫ್ ಅಂದರೆ ಬೇರೆ ಯಾವುದೋ ಮರ ಅಂದ್ಕೋಬೇಡಿ, ನಮ್ಮ ಬನ್ನಿ ಮರವೇ ಅದು. ಪಾಂಡವರು ಆಯುಧ ಬಚ್ಚಿಟ್ಟ ಹಾಗೆ ಇವರು ಗಾಡಿ ಬಚ್ಚಿಟ್ಟಿದ್ದರು ಅಂತ ನಮ್ಮ ಗ್ಯಾರೇಜಿನಲ್ಲಿ ನಾನು ತಮಾಷೆ ಮಾಡ್ತಿದ್ದೆ. ಮಲಬಾರಿನ ಹುಡುಗರಿಗೆ ಅರ್ಥ ಆಯ್ತು, ಪೇಶಾವರದ ಪೈಂಟರ್ ಭಾಯ್‌ಗೆ ಕಥೆ ಪೂರ್ತಿ ಹೇಳಬೇಕಾಯ್ತು.

ಬಾಬಾ ಕೇಳಿದ್ದು ಇಷ್ಟೇ. "ಶಾರ್ಜಾದ ಮನೆಯಿಂದ ಫಾರ್ಮಿಗೆ ಹೋಗಿ ಬರಬೇಕು, ಆಗಸ್ಟಿನಲ್ಲೂ. ಮೊಮ್ಮಗ ಪಕ್ಕದಲ್ಲಿ ಕೂತಿರ್ತಾನೆ." ಒಂದು ಕಡೆಗೆ ಸುಮಾರು 50 ಕಿ.ಮೀ. ಹೈವೇ. ಅಕ್ಕಪಕ್ಕ 120ರಲ್ಲಿ ಹೋಗುವ ಗಾಡಿಗಳು. ಹೊರಗೆ 45 ಡಿಗ್ರಿ ಬಿಸಿಲು. ಮೊಮ್ಮಗನಿಗೆ 12 ವರ್ಷ. ನಮಗೆ ಬೇಕಾದ ಲೆಕ್ಕವೆಲ್ಲ ಈ ನಾಲ್ಕು ಮಾತಿನಲ್ಲೇ ಇತ್ತು.

ಬಿಚ್ಚುವ ಮೊದಲು

ಹಳೇ ಗಾಡಿ ಬಂದ ಕೂಡಲೇ ನಮ್ಮ ಹುಡುಗರಿಗೆ ಕೈ ತುರಿಸುತ್ತೆ, ಬೋಲ್ಟ್ ಬಿಚ್ಚೋಕೆ ಶುರು ಮಾಡ್ತಾರೆ. ನಾನು ಮೂರು ದಿನ ಬಿಡಲಿಲ್ಲ. ಮೊದಲ ಕೆಲಸ ಸಣ್ಣ ಸುತ್ತಿಗೆಯಿಂದ ಚಾಸಿಸ್ ಉದ್ದಕ್ಕೂ ತಟ್ಟೋದು. ಗಟ್ಟಿ ಕಬ್ಬಿಣ 'ಟಣ್' ಅನ್ನುತ್ತೆ. ತುಕ್ಕು ತಿಂದದ್ದು 'ದಬ್' ಅನ್ನುತ್ತೆ. ಮರಳುಗಾಡಿನ ಗಾಡಿಗೆ ತುಕ್ಕು ಹಿಡಿಯೋದಿಲ್ಲ ಅಂತ ಜನ ನಂಬ್ತಾರೆ. ಕಡಲ ನೀರಿಗೆ ಹಿಂದಿನ ಚಕ್ರ ಇಳಿಸಿ ದೋಣಿ ಎಳೆದ ಗಾಡಿಗೆ ಆ ನಂಬಿಕೆ ನಡೆಯೋದಿಲ್ಲ. ಮುಂದಿನ ಅರ್ಧ ಚೆನ್ನಾಗಿತ್ತು. ಹಿಂದಿನ ಆಕ್ಸಲ್ ದಾಟಿದ ಮೇಲೆ ಎರಡೂ ಕಡೆ 'ದಬ್'. ಒಳಗೆ ಸೇರಿದ ಉಪ್ಪು ಮರಳು ಹೊರಗೆ ಬಂದಿಲ್ಲ, ಒಳಗಿಂದಲೇ ತಿಂದಿದೆ.

"ಚಾಸಿಸ್ ಪೂರ್ತಿ ಬದಲಿಸಿಬಿಡೋಣ" ಅಂದವರಿದ್ದರು. 40 ಸೀರೀಸ್‌ನಲ್ಲಿ ಚಾಸಿಸ್ ನಂಬರ್ ಇರೋದು ಮುಂದೆ ಬಲಗಡೆ ಫ್ರೇಮಿನ ಮೇಲೆ, ಕಬ್ಬಿಣಕ್ಕೇ ಒತ್ತಿರ್ತಾರೆ. ಮುಲ್ಕಿಯಾದಲ್ಲಿ ಇರೋದು ಅದೇ ನಂಬರು. ಬೇರೆ ಫ್ರೇಮ್ ಹಾಕಿದರೆ ಕಾಗದದ ಪ್ರಕಾರ ಅದು ಬೇರೆ ಗಾಡಿ. ಬಾಬಾನ ತಂದೆಯ ಗಾಡಿ ಅಲ್ಲೇ ಮುಗೀತು. ಅದಕ್ಕೇ ನಂಬರಿರುವ ಮುಂಭಾಗ ಉಳಿಸಿಕೊಂಡು, ಹಿಂದೆ ಕೊಳೆತ ಭಾಗ ಕತ್ತರಿಸಿ, ಅದೇ ದಪ್ಪದ ಉಕ್ಕಿನಲ್ಲಿ ಹೊಸದು ಮಾಡಿಸಿ, ಓರೆ ಜೋಡಣೆ ಕೊಟ್ಟು, ಒಳಗೆ ತಟ್ಟೆ ಇಟ್ಟು ವೆಲ್ಡ್ ಮಾಡಿಸಿದೆವು. ನೇರ ಅಡ್ಡ ಕತ್ತರಿಸಿ ಸೇರಿಸಿದರೆ ಎಲ್ಲ ಭಾರವೂ ಒಂದೇ ಗೆರೆಯ ಮೇಲೆ ಬೀಳುತ್ತೆ, ಓರೆಯಾಗಿದ್ದರೆ ಹಂಚಿಕೊಳ್ಳುತ್ತೆ. ವೆಲ್ಡ್ ಮಾಡುವ ಮೊದಲು ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಅಳೆದೆವು. ಎರಡೂ ಕರ್ಣ ಒಂದೇ ಇದ್ದರೆ ಮಾತ್ರ ಫ್ರೇಮು ಸೊಟ್ಟಗಿಲ್ಲ ಅಂತ.

ಬಿಚ್ಚಿದ ಸಾಮಾನಿಗೆ ಚೀಟಿ ಹಚ್ಚೋದು ಇನ್ನೊಂದು ಕಥೆ. ನಮ್ಮಲ್ಲಿ ಮಲಯಾಳಂ, ಉರ್ದು, ಬಾಂಗ್ಲಾ, ಕನ್ನಡ, ನಾಲ್ಕು ಲಿಪಿ. ಒಬ್ಬ ಬರೆದದ್ದನ್ನು ಇನ್ನೊಬ್ಬ ಓದಲಾರ. ಅದಕ್ಕೆ ನಾನು ಅಕ್ಷರವನ್ನೇ ಬಿಟ್ಟು ಅಂಕಿ ಮಾತ್ರ ಇಟ್ಟೆ. ಪ್ರತಿ ಪ್ಲಾಸ್ಟಿಕ್ ಚೀಲಕ್ಕೆ ಒಂದು ನಂಬರು, ಅದೇ ನಂಬರಿನ ಫೋಟೋ ಫೋನಿನಲ್ಲಿ. 412 ಚೀಲ ಆಯ್ತು. ಹನ್ನೊಂದು ತಿಂಗಳ ನಂತರ ಒಂದು ಬೋಲ್ಟೂ ಅನಾಥವಾಗಿ ಉಳಿಯಲಿಲ್ಲ.

ಮೊದಲು ನಿಲ್ಲಬೇಕು

ಈ ಗಾಡಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಒಂದೊಂದು ಚಕ್ರಕ್ಕೆ ಎರಡೆರಡು ವೀಲ್ ಸಿಲಿಂಡರ್, ಒಟ್ಟು ಎಂಟು. ಎಂಟರಲ್ಲಿ ಒಂದು ಹಿಡಿದುಕೊಂಡರೂ ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತೆ. ಡ್ರಮ್ಮಿನೊಳಗೆ ನೀರು, ಮರಳು ಹೋದರೆ ಹೊರಗೆ ಬರೋದು ಕಷ್ಟ. 40ರ ವೇಗದಲ್ಲಿ ಫಾರ್ಮಿನೊಳಗೆ ತಿರುಗೋಕೆ ಅಷ್ಟು ಸಾಕು. 100ರಲ್ಲಿ ಹೈವೇಗೆ ಸಾಲದು.

ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಹಾಕಿದೆವು. 60 ಸೀರೀಸ್ ಲ್ಯಾಂಡ್ ಕ್ರೂಸರಿನ ಹಬ್, ಡಿಸ್ಕ್, ಕ್ಯಾಲಿಪರ್ ಈ ಆಕ್ಸಲ್ಲಿಗೆ ಕೂರುತ್ತೆ. ಇಲ್ಲಿನ ಸ್ಕ್ರ್ಯಾಪ್ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಡ್ರಮ್ ಬ್ರೇಕಿಗೆ ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಯಬೇಕು, ಅದಕ್ಕೆ ಒಂದು ಸಣ್ಣ ವಾಲ್ವ್ ಇರುತ್ತೆ. ಅದನ್ನು ಹಾಗೇ ಬಿಟ್ಟು ಡಿಸ್ಕ್ ಹಾಕಿದರೆ ಪ್ಯಾಡ್ ಬಿಡದೆ ಉಜ್ಜುತ್ತಾ ಇರುತ್ತೆ, ಬಿಸಿಯಾಗುತ್ತೆ. ಹಾಗಾಗಿ ಡಿಸ್ಕಿಗೆ ಹೊಂದುವ ಮಾಸ್ಟರ್ ಸಿಲಿಂಡರ್ರೂ ಬೇಕು, ಹಿಂದಿನ ಡ್ರಮ್‌ಗೆ ಒತ್ತಡ ತಗ್ಗಿಸುವ ವಾಲ್ವೂ ಬೇಕು. ಪೈಪುಗಳು, ರಬ್ಬರ್ ಹೋಸ್‌ಗಳು ಎಲ್ಲ ಹೊಸದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ. ಶಾರ್ಜಾದ ಬೇಸಿಗೆಯ ತೇವ ನಿಮಗೆ ಹೇಳಬೇಕಾಗಿಲ್ಲ. ನೀರು ಸೇರಿದ ಆಯಿಲ್ ಬಿಸಿಯಾದಾಗ ಕುದಿಯುತ್ತೆ, ಪೆಡಲ್ ನೆಲಕ್ಕೆ ಹೋಗುತ್ತೆ. ಎರಡು ವರ್ಷಕ್ಕೊಮ್ಮೆ ಬದಲಿಸಿ, ನಿಮ್ಮ ಹೊಸ ಗಾಡಿಗಳಲ್ಲೂ.

ಟೈರಿನ ಬಗ್ಗೆ ಎಲ್ಲರೂ ಕೇಳಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಗುಂಡಿ ಎಷ್ಟೇ ಆಳ ಇರಲಿ, ನಿಂತಲ್ಲೇ ನಿಂತ ಗಾಡಿಯ ಟೈರು ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿರುತ್ತೆ. ಐದು ವರ್ಷ ದಾಟಿದ್ದನ್ನು ನಾನು ಹಾಕೋದಿಲ್ಲ.

ಸೀಟ್ ಬೆಲ್ಟ್ ಕೂಡ ಈ ಪಟ್ಟಿಯಲ್ಲೇ ಬರುತ್ತೆ. ಸೊಂಟದ ಪಟ್ಟಿ ಬಿಟ್ಟು ಹೆಗಲಿಗೂ ಬರುವ ಬೆಲ್ಟ್ ಹಾಕಿ, ಕ್ಯಾಬಿನ್ ಕಂಬದ ಒಳಗೆ ದಪ್ಪ ತಟ್ಟೆ ವೆಲ್ಡ್ ಮಾಡಿ ಅದಕ್ಕೆ ಬೋಲ್ಟ್ ಕೊಟ್ಟೆವು. ಬರೀ ತಗಡಿಗೆ ಬೋಲ್ಟ್ ಹಾಕಿದ ಬೆಲ್ಟು ಪೊಲೀಸರಿಗೆ ತೋರಿಸೋಕೆ ಮಾತ್ರ ಆಗುತ್ತೆ.

ಆಮೇಲೆ ತಣ್ಣಗಿರಬೇಕು

ಗಲ್ಫಿನ ಗ್ಯಾರೇಜುಗಳಲ್ಲಿ ಒಂದು ಹಳೇ ಚಾಳಿ ಇದೆ. ಎಂಜಿನ್ ಬಿಸಿಯಾದರೆ ಥರ್ಮೋಸ್ಟ್ಯಾಟ್ ತೆಗೆದು ಎಸೆಯೋದು. "ಈ ಬಿಸಿಲಿಗೆ ಯಾಕೆ ಭಾಯ್" ಅಂತಾರೆ. ಥರ್ಮೋಸ್ಟ್ಯಾಟ್ ಇಲ್ಲದ ಎಂಜಿನ್ ಚಳಿಗಾಲದ ಬೆಳಿಗ್ಗೆ ಸರಿಯಾದ ಶಾಖಕ್ಕೆ ಬರೋದೇ ಇಲ್ಲ. ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಉರಿಯದ ಪೆಟ್ರೋಲ್ ಆಯಿಲಿಗೆ ಇಳಿಯುತ್ತೆ, ರಿಂಗು ಸವೆಯುತ್ತೆ. ಬಿಸಿ ಆಗೋಕೆ ಕಾರಣ ಬೇರೆ ಕಡೆ ಇರುತ್ತೆ: ಕಟ್ಟಿಕೊಂಡ ರೇಡಿಯೇಟರ್, ಸವೆದ ವಾಟರ್ ಪಂಪು, ಫ್ಯಾನಿನ ಸುತ್ತ ಇರಬೇಕಾದ ಶ್ರೌಡ್ ಇಲ್ಲದಿರೋದು. ಶ್ರೌಡ್ ಇಲ್ಲದಿದ್ದರೆ ಫ್ಯಾನು ತನ್ನ ಎದುರಿನ ವೃತ್ತದಿಂದ ಮಾತ್ರ ಗಾಳಿ ಎಳೆಯುತ್ತೆ, ರೇಡಿಯೇಟರಿನ ಮೂಲೆಗಳು ಸುಮ್ಮನೆ ಕೂತಿರುತ್ತವೆ.

ನಾವು ತಾಮ್ರದ ರೇಡಿಯೇಟರಿಗೆ ನಾಲ್ಕು ಸಾಲಿನ ಹೊಸ ಕೋರ್ ಹಾಕಿಸಿದೆವು, ಹೊಸ ವಾಟರ್ ಪಂಪು, ಶ್ರೌಡ್, 82 ಡಿಗ್ರಿಯ ಥರ್ಮೋಸ್ಟ್ಯಾಟ್. ಯಾಕಂದರೆ ಇದಕ್ಕೆ ಎ.ಸಿ. ಹಾಕೋದಿತ್ತು. ಈ ದೇಶದಲ್ಲಿ ಎ.ಸಿ. ಇಲ್ಲದ ಗಾಡಿಯನ್ನು 'ದಿನಾ ಓಡಿಸುವ ಗಾಡಿ' ಅನ್ನೋಕಾಗಲ್ಲ. ಎ.ಸಿ. ಕಂಡೆನ್ಸರ್ ರೇಡಿಯೇಟರಿನ ಮುಂದೆ ಕೂತು ಅದಕ್ಕೆ ಬಿಸಿ ಗಾಳಿ ಕೊಡುತ್ತೆ, ಕಂಪ್ರೆಸರ್ ಎಂಜಿನ್ನಿನ ಮೇಲೆ ಭಾರ ಹಾಕುತ್ತೆ, ಬ್ಲೋವರ್ ಕರೆಂಟು ತಿನ್ನುತ್ತೆ. ಹಾಗಾಗಿ ಎ.ಸಿ. ಬಂತು ಅಂದರೆ ಅದರ ಹಿಂದೆ ದೊಡ್ಡ ಆಲ್ಟರ್ನೇಟರ್, ಹೊಸ ವೈರಿಂಗ್ ಎಲ್ಲ ಬರುತ್ತೆ. ಹಳೇ ವೈರನ್ನು ಬಗ್ಗಿಸಿ ನೋಡಿ. ಮೇಲಿನ ಪದರ ಹಪ್ಪಳದ ಹಾಗೆ ಮುರಿದರೆ ಪೂರ್ತಿ ಬದಲಿಸಿ, ಟೇಪ್ ಸುತ್ತಬೇಡಿ. ಹೆಡ್‌ಲೈಟಿನ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ ಸುತ್ತಿ ಬರೋ ಬದಲು ರಿಲೇ ಮೂಲಕ ಬ್ಯಾಟರಿಯಿಂದ ನೇರ ಬರೋ ಹಾಗೆ ಮಾಡಿದೆವು. ಅದೇ ಹಳೇ ಗಾತ್ರದ ದೀಪ, ಬೆಳಕು ಮಾತ್ರ ಬೇರೆಯೇ.

ಇನ್ನೊಂದು ತೊಂದರೆ ಬೇಸಿಗೆಯಲ್ಲಿ ಮಾತ್ರ ಕಾಣೋದು. ಗಾಡಿ ನಿಲ್ಲಿಸಿ ಅಂಗಡಿಗೆ ಹೋಗಿ ಹತ್ತು ನಿಮಿಷಕ್ಕೆ ಬಂದರೆ ಸ್ಟಾರ್ಟ್ ಆಗಲ್ಲ. ಈ ಎಂಜಿನ್ನಿನಲ್ಲಿ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಎರಡೂ ಒಂದೇ ಪಕ್ಕದಲ್ಲಿವೆ, ಕಾರ್ಬೊರೇಟರ್ ಅದರ ಮೇಲೆ ಕೂತಿದೆ. ಗಾಡಿ ನಿಂತಾಗ ಕೆಳಗಿನ ಶಾಖ ಮೇಲೇರಿ ಪೆಟ್ರೋಲ್ ಕುದಿಯುತ್ತೆ. ನಡುವೆ ಶಾಖ ತಡೆಯುವ ತಗಡು, ಪೆಟ್ರೋಲ್ ಪೈಪನ್ನು ಎಕ್ಸಾಸ್ಟಿನಿಂದ ದೂರ ಸರಿಸೋದು, ಹೆಚ್ಚಾದ ಪೆಟ್ರೋಲ್ ಟ್ಯಾಂಕಿಗೆ ಮರಳೋ ರಿಟರ್ನ್ ಪೈಪು, ಈ ಮೂರರಿಂದ ಸರಿಹೋಯಿತು.

ಎಂಜಿನ್ ಬದಲಿಸಬೇಕಾ?

ಬಾಬಾನ ಮಗನಿಗೆ ವಿ8 ಎಂಜಿನ್ ಹಾಕುವ ಆಸೆ. ಈ ಊರಿನಲ್ಲಿ ಅದು ಮಾಮೂಲು. ಮಾಡೋಕೆ ನಮಗೂ ಬರುತ್ತೆ. ಆದರೆ ಎಂಜಿನ್ ನಂಬರು ಮುಲ್ಕಿಯಾದಲ್ಲಿದೆ, ಬದಲಿಸಿದರೆ ಪರವಾನಗಿ, ಪರೀಕ್ಷೆ, ಅದಕ್ಕೆ ತಕ್ಕ ಗೇರು, ಆಕ್ಸಲ್, ಬ್ರೇಕು. ಒಂದು ಎಳೆದರೆ ಇನ್ನೊಂದು ಬಿಚ್ಚಿಕೊಳ್ಳುತ್ತೆ. ಮೊದಲು ಇರೋದನ್ನು ಅಳೆಯೋಣ ಅಂದೆ.

ಇರೋದು 2ಎಫ್ ಎಂಜಿನ್. ಸಾಲಾಗಿ ಆರು ಸಿಲಿಂಡರ್, 4,230 ಸಿ.ಸಿ., ಬ್ಲಾಕು ಹೆಡ್ಡು ಎರಡೂ ಬೀಡು ಕಬ್ಬಿಣ. ಟೈಮಿಂಗ್ ಬೆಲ್ಟೂ ಇಲ್ಲ, ಚೈನೂ ಇಲ್ಲ, ಹಲ್ಲಿಗೆ ಹಲ್ಲು ಕೂರೋ ಗೇರು. ಕಂಪ್ರೆಷನ್ ನೋಡಿದಾಗ ಐದು ಸಿಲಿಂಡರ್ 125ರಿಂದ 135 ಪಿ.ಎಸ್.ಐ., ಆರನೆಯದು 90. ಆಗ ಒಂದು ಚಮಚ ಆಯಿಲನ್ನು ಆ ಸಿಲಿಂಡರಿಗೆ ಬಿಟ್ಟು ಮತ್ತೆ ನೋಡಬೇಕು. ಒತ್ತಡ ಏರಿದರೆ ರಿಂಗಿನ ತೊಂದರೆ, ಏರದಿದ್ದರೆ ವಾಲ್ವಿನದು. ಏರಲಿಲ್ಲ. ಹೆಡ್ ತೆಗೆದಾಗ ಎಕ್ಸಾಸ್ಟ್ ವಾಲ್ವ್ ಸೀಟು ಸುಟ್ಟಿತ್ತು. ಆ ಕಾಲದ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು, ಅದು ಸೀಟಿನ ಮೇಲೆ ತೆಳುವಾದ ಪದರವಾಗಿ ಕೂತು ಕಾಪಾಡುತ್ತಿತ್ತು. ಈಗಿನ ಪೆಟ್ರೋಲಿನಲ್ಲಿ ಸೀಸ ಇಲ್ಲ. ಹಾಗಾಗಿ ಆರೂ ಎಕ್ಸಾಸ್ಟಿಗೆ ಗಟ್ಟಿ ಉಕ್ಕಿನ ಸೀಟು ಕೂರಿಸಿದೆವು. ಬೋರಿಂಗ್ ಬೇಕಾಗಲಿಲ್ಲ. ಹೊಸ ರಿಂಗು, ಹೊಸ ಗ್ಯಾಸ್ಕೆಟ್ ಅಷ್ಟೇ.

ಬರ್ಕೊಳ್ಳಿ: ವಾಲ್ವ್ ಸಂದು ಎಂಜಿನ್ ಬಿಸಿ ಇದ್ದಾಗ ಇನ್‌ಟೇಕ್ 0.20 ಮಿ.ಮೀ., ಎಕ್ಸಾಸ್ಟ್ 0.35. ಫೈರಿಂಗ್ ಆರ್ಡರ್ 1-5-3-6-2-4. ಟೈಮಿಂಗ್ 7 ಡಿಗ್ರಿ, ಗುರುತು ಫ್ಲೈವೀಲಿನಲ್ಲಿ ಕೂರಿಸಿರುವ ಸಣ್ಣ ಉಕ್ಕಿನ ಗುಂಡು. ಕಾರ್ಬೊರೇಟರಿನ ಪಕ್ಕದಲ್ಲಿ ಒಂದು ಗಾಜಿನ ಕಣ್ಣು ಇದೆ, ಪೆಟ್ರೋಲ್ ಮಟ್ಟ ಅದರ ನಡುವಿಗೆ ಇರಬೇಕು. ಇಷ್ಟು ಸರಿ ಇದ್ದರೆ ಸ್ಕ್ಯಾನರ್ ಬೇಡ, ಲ್ಯಾಪ್‌ಟಾಪ್ ಬೇಡ.

ಬದಲಿಸಿದ್ದು ಗೇರ್‌ಬಾಕ್ಸ್ ಮಾತ್ರ. ಮೂಲದ್ದು ನಾಲ್ಕು ಗೇರು. 31 ಇಂಚಿನ ಟೈರು, 4.11ರ ಡಿಫರೆನ್ಷಿಯಲ್ ಇಟ್ಟುಕೊಂಡು ಲೆಕ್ಕ ಹಾಕಿದರೆ 100ರಲ್ಲಿ ಎಂಜಿನ್ ಸುಮಾರು 2,800 ಸುತ್ತು ತಿರುಗುತ್ತೆ. ದಿನಾ ಒಂದೊಂದು ಗಂಟೆ ಆ ಗಲಾಟೆ ಕೇಳಿದರೆ ತಲೆ ನೋಯುತ್ತೆ. ಟೊಯೋಟಾದ್ದೇ ಐದು ಗೇರಿನ ಎಚ್55ಎಫ್ ಹಾಕಿ, ಶಾಫ್ಟುಗಳ ಉದ್ದ ಸರಿಮಾಡಿಸಿದೆವು. ಈಗ ಅದೇ ವೇಗಕ್ಕೆ ಸುಮಾರು 2,350. ಸ್ಟಿಯರಿಂಗಿಗೆ 60 ಸೀರೀಸಿನ ಪವರ್ ಬಾಕ್ಸ್. ಮುಂದಿನ ಆಕ್ಸಲ್ಲಿನ ಎರಡೂ ತುದಿಯ ಗುಂಡಿನ ಒಳಗೆ ಗ್ರೀಸು ಗಂಜಿ ಆಗಿತ್ತು. ಒಳಗಿನ ಸೀಲ್ ಹೋಗಿ ಗೇರ್ ಆಯಿಲ್ ಸೇರಿದರೆ ಹಾಗಾಗುತ್ತೆ. ಸೀಲು, ಬೇರಿಂಗು ಎಲ್ಲ ಹೊಸದು.

ಡಿಸೆಂಬರ್ 2ರ ಜಗಳ

ಈಗ ಒತ್ತಡದ ವಿಷಯ. ನವೆಂಬರ್ ಮೊದಲ ವಾರ. ಎಂಜಿನ್ ಓಡುತ್ತಿತ್ತು, ಡಿಸ್ಕಿನ ಸಾಮಾನು ಇನ್ನೂ ಪೂರ್ತಿ ಸಿಕ್ಕಿರಲಿಲ್ಲ, ಹಿಂದಿನ ಸಿಲಿಂಡರ್‌ಗಳೂ ಬಂದಿರಲಿಲ್ಲ. ಬಾಬಾನ ಮಗ ಬಂದು ಹೇಳಿದರು, "ನ್ಯಾಷನಲ್ ಡೇಗೆ ಗಾಡಿ ಬೇಕು. ಮೆರವಣಿಗೆಯಲ್ಲಿ ಓಡಿಸ್ತೀವಿ. ಪೈಂಟ್ ಮಾಡಿ ಕೊಡಿ, ಬ್ರೇಕ್ ಕೆಲಸ ಆಮೇಲೆ." ನಮ್ಮ ಗ್ಯಾರೇಜಿನ ಮುದೀರ್ ಕೂಡಲೇ "ಮಾಫಿ ಮುಶ್ಕಿಲ್" ಅಂದುಬಿಟ್ಟರು. ನಾನು ಆಗಲ್ಲ ಅಂದೆ.

ಆಗಲ್ಲ ಅನ್ನೋದು ನಮ್ಮಂಥವರಿಗೆ ಎಷ್ಟು ಕಷ್ಟ ಅಂತ ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತು. ವೀಸಾ ಅವರ ಕೈಲಿ. ಊರಲ್ಲಿ ಮಗಳ ಕಾಲೇಜು ಫೀಸು ಆ ತಿಂಗಳೇ ಕಟ್ಟಬೇಕಿತ್ತು. ಮುದೀರ್ ಒಳಗೆ ಕರೆದು, "ನೀನು ಮೆಕ್ಯಾನಿಕ್ಕೋ ಮಾಲೀಕನೋ?" ಅಂತ ಕೇಳಿದರು. ನಾನು ಜಗಳಕ್ಕೆ ಹೋಗಲಿಲ್ಲ. ಹಿಂದಿನ ಎಡ ಚಕ್ರದಿಂದ ತೆಗೆದ ಹಳೇ ವೀಲ್ ಸಿಲಿಂಡರನ್ನು ಒಂದು ಬಟ್ಟೆಯಲ್ಲಿ ಸುತ್ತಿಟ್ಟುಕೊಂಡೆ, ಬಾಬಾನಿಗೆ ಒಂದು ಸಲ ಬಂದು ಹೋಗಿ ಅಂತ ಫೋನ್ ಮಾಡಿಸಿದೆ.

ಅವರು ಸಂಜೆ ಬಂದು ಸ್ಟೂಲಿನ ಮೇಲೆ ಕೂತರು, ಸುಲೈಮಾನಿ ಚಹಾ ಕುಡಿದರು. ನಾನು ಸಿಲಿಂಡರ್ ಅವರ ಕೈಗೆ ಕೊಟ್ಟೆ. ಒಳಗಿನ ಪಿಸ್ಟನ್ ತುಕ್ಕು ಹಿಡಿದು ಕಲ್ಲಾಗಿತ್ತು. ಅವರು ಬೆರಳಿನಿಂದ ಒತ್ತಿದರು, ಆಮೇಲೆ ನನ್ನ ಸ್ಕ್ರೂ ಡ್ರೈವರ್ ಇಸಿದುಕೊಂಡು ಒತ್ತಿದರು. ಅಲುಗಲಿಲ್ಲ. ನನಗೆ ಬರುವ ಹರಕು ಅರಬಿಯಲ್ಲಿ, "ಬಾಬಾ, ಇಂಥವು ಎಂಟು ಇವೆ" ಅಂದೆ. ಅವರು ಮಗನ ಕಡೆ ತಿರುಗಿ, "ಖಲ್ಲಿ. ಡಿಸೆಂಬರ್ 2 ಮುಂದಿನ ವರ್ಷವೂ ಬರುತ್ತೆ" ಅಂದರು. ಅಷ್ಟೇ.

ತಮ್ಮಂದಿರೇ, ಇದನ್ನು ನನ್ನ ಧೈರ್ಯದ ಕಥೆ ಅಂತ ಹೇಳ್ತಿಲ್ಲ. ಮಾತಿನಲ್ಲಿ ವಾದ ಮಾಡಿದರೆ ನಾವು ಸೋಲ್ತೀವಿ, ಭಾಷೆಯೂ ಸಾಲದು, ಸ್ಥಾನವೂ ಸಾಲದು. ಕೆಟ್ಟ ಸಾಮಾನನ್ನು ಎತ್ತಿಟ್ಟುಕೊಂಡು ಮಾಲೀಕರ ಕೈಗೆ ಕೊಡಿ. ಆ ಅಭ್ಯಾಸ ಇವತ್ತಿಂದಲೇ ಮಾಡಿಕೊಳ್ಳಿ.

ಗಾಡಿ ಉಳಿಸೋಕೆ ಹೋಗಿ ನಾವು ಹೋಗಬಾರದು

ಈ ಭಾಗ ಅಕ್ಕಂದಿರೂ ಕೇಳಬೇಕು, ಮನೆಯವರಿಗೆ ನೆನಪಿಸಬೇಕು.

ಆ ಕಾಲದ ಬ್ರೇಕ್ ಶೂ, ಕ್ಲಚ್ ಪ್ಲೇಟ್, ಎಕ್ಸಾಸ್ಟ್ ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರೋದು ಸಾಮಾನ್ಯ. ಡ್ರಮ್ ತೆಗೆದ ಕೂಡಲೇ ಏರ್ ಗನ್ ಹಿಡಿದು ಧೂಳು ಹಾರಿಸೋದು ನಮ್ಮೆಲ್ಲರ ಗ್ಯಾರೇಜುಗಳ ರೂಢಿ. ಆ ಧೂಳು ಒಳಗೆ ಹೋದರೆ ಕಾಯಿಲೆ ನಾಳೆ ಬರಲ್ಲ, 20, 30 ವರ್ಷ ಕಳೆದು ಬರುತ್ತೆ. ಆಗ ನಾವು ಊರಲ್ಲಿರ್ತೀವಿ. ವೀಸಾ ಇರಲ್ಲ, ಇಲ್ಲಿನ ಇನ್ಶೂರೆನ್ಸ್ ಇರಲ್ಲ, ಯಾವ ಗಾಡಿಯ ಧೂಳು ಅಂತ ಕೇಳೋಕೆ ಯಾರೂ ಇರಲ್ಲ. ಡ್ರಮ್ಮನ್ನು ನೀರು ಸೋಪು ಹಾಕಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ. ಐದು ನಿಮಿಷ ಹೆಚ್ಚು ಹಿಡಿಯುತ್ತೆ, ಅಷ್ಟೇ.

ಮರಳು ಬ್ಲಾಸ್ಟಿಂಗ್ ಇನ್ನೊಂದು. ಸಾದಾ ಮರಳಿನ ಧೂಳಿನಲ್ಲಿ ಸಿಲಿಕಾ ಇದೆ. ಅದರಿಂದ ಬರೋ ಸಿಲಿಕೋಸಿಸ್ ವಾಸಿಯಾಗೋ ಕಾಯಿಲೆ ಅಲ್ಲ. ಗಾರ್ನೆಟ್ ಅಥವಾ ಉಕ್ಕಿನ ಪುಡಿ ಬಳಸುವ, ಮುಚ್ಚಿದ ಕೋಣೆ ಇರುವ ಜಾಗಕ್ಕೇ ಚಾಸಿಸ್ ಕಳಿಸಿ. ಬಾನೆಟ್, ಬಾಗಿಲುಗಳನ್ನಂತೂ ಬ್ಲಾಸ್ಟ್ ಮಾಡಲೇಬೇಡಿ, ತಗಡು ಅಲೆಅಲೆಯಾಗುತ್ತೆ.

ಮೂರನೆಯದು ಪೈಂಟು. ಹಾರ್ಡ್‌ನರ್ ಬೆರೆಸುವ ಎರಡು ಡಬ್ಬಿಯ ಪೈಂಟಿನಲ್ಲಿ ಐಸೋಸಯನೇಟ್ ಇರುತ್ತೆ. ಒಮ್ಮೆ ಅದಕ್ಕೆ ಉಸಿರು ಕೆಟ್ಟವರಿಗೆ ಆಮೇಲೆ ಸ್ವಲ್ಪ ವಾಸನೆ ತಾಗಿದರೂ ಆಸ್ತಮಾ ಕೆರಳುತ್ತೆ. ಕಾಗದದ ಮಾಸ್ಕು ಅದನ್ನು ತಡೆಯಲ್ಲ. ನಮ್ಮ ಪೇಶಾವರದ ಭಾಯ್ ಹೊರಗಿನ ಗಾಳಿ ಪೈಪಿನಲ್ಲಿ ಬರುವ ಮುಖವಾಡ ಇಲ್ಲದೆ ಗನ್ ಮುಟ್ಟಲಿಲ್ಲ. ಅದರ ಖರ್ಚನ್ನು ಈ ಗಾಡಿಯ ಬಿಲ್ಲಿನಲ್ಲೇ ಒಂದು ಸಾಲಾಗಿ ಸೇರಿಸಿದೆವು. ಬಾಬಾ ತಕರಾರು ಮಾಡಲಿಲ್ಲ. ಬಿಲ್ಲಿನಲ್ಲಿ ಬರೆದರೆ ಮಾಲೀಕರು ಕೊಡ್ತಾರೆ, ಬರೆಯದಿದ್ದರೆ ನಮ್ಮ ಶ್ವಾಸಕೋಶ ಕೊಡುತ್ತೆ.

ಬಣ್ಣ ಅದೇ ಹಳೇ ಮರಳು ಬಣ್ಣ, ಟೊಯೋಟಾದ ಡ್ಯೂನ್ ಬೇಜ್. ಪಿಕಪ್ ತೊಟ್ಟಿಯ ಒಳಗಿನ ಗೀರು, ದೋಣಿ ಹಗ್ಗ ಉಜ್ಜಿ ಆದ ಗುರುತು, ಇವನ್ನು ಮುಚ್ಚಬೇಡಿ ಅಂದರು ಬಾಬಾ. ಅಲ್ಲಿ ತುಕ್ಕು ತಡೆಯುವ ಪ್ರೈಮರ್ ಮೇಲೆ ಒಂದೇ ತೆಳು ಕೋಟು ಹೊಡೆದು ಗುರುತು ಉಳಿಸಿದೆವು.

ಒಂದು ವರ್ಷದ ಲೆಕ್ಕ

ಪಾಸಿಂಗ್ ಮೊದಲ ಸಲಕ್ಕೇ ಆಯ್ತು. 13 ತಿಂಗಳಲ್ಲಿ 22,000 ಕಿ.ಮೀ. ಓಡಿದೆ. ಪೆಟ್ರೋಲ್ ಲೀಟರಿಗೆ ಐದರಿಂದ ಆರು ಕಿ.ಮೀ., ಅದರಲ್ಲಿ ಪವಾಡ ಇಲ್ಲ. ಜುಲೈಯಲ್ಲಿ ಕ್ಲಚ್ಚಿನ ಕೆಳಗಿನ ಸಿಲಿಂಡರ್ ಸೋರಿತು. ಒಂದು ಎ.ಸಿ. ಬೆಲ್ಟ್ ಹೋಯಿತು. ಟೆಂಪರೇಚರ್ ಮುಳ್ಳಿಗೆ ಸುದ್ದಿ ಕೊಡುವ ಸೆಂಡರ್ ಒಮ್ಮೆ ಸುಳ್ಳು ಹೇಳಿತು. ದಾರಿಯಲ್ಲಿ ನಿಂತದ್ದು ಇಲ್ಲ. 5,000ಕ್ಕೆ ಆಯಿಲ್, 10,000ಕ್ಕೆ ವಾಲ್ವ್ ಸಂದು ನೋಡ್ತೀವಿ. ಹಳೇ ಗಾಡಿ ದಿನಾ ಓಡಿಸೋದು ಅಂದರೆ ವಾರಕ್ಕೊಮ್ಮೆ ಬಾನೆಟ್ ಎತ್ತಿ ಕಣ್ಣು ಹಾಯಿಸೋದು. ಅದು ಬೇಡ ಅನ್ನುವವರು ಹೊಸ ಗಾಡಿ ತಗೊಳ್ಳೋದೇ ಒಳ್ಳೇದು ಅಂತ ನಾನು ಗಿರಾಕಿಗಳಿಗೆ ಮೊದಲೇ ಹೇಳ್ತೀನಿ. ಮೊಮ್ಮಗ ಈಗ ವೀಲ್ ಪಾನಾ ಎತ್ತಿಕೊಡ್ತಾನೆ, ಟೈರಿನ ನಾಲ್ಕು ಅಂಕಿ ಓದೋಕೆ ಕಲ್ತಿದ್ದಾನೆ.

ನಮಗೆ ಇದರಿಂದ ಏನು?

ಈಗ ಬರುವ ನಮ್ಮ ಹುಡುಗರು ಸ್ಕ್ಯಾನರ್ ಹಿಡಿದು ಕೋಡ್ ಓದ್ತಾರೆ, ಚೆನ್ನಾಗಿಯೇ ಓದ್ತಾರೆ, ನನಗಿಂತ ಚೆನ್ನಾಗಿ. ಆದರೆ ಕಾರ್ಬೊರೇಟರ್ ಬಿಚ್ಚಿ ಕೂರಿಸೋರು, ಸಂದು ಅಳೆದು ವಾಲ್ವ್ ಕಟ್ಟೋರು ಕಡಿಮೆ ಆಗ್ತಿದ್ದಾರೆ. ಹಳೇ ಗಾಡಿ ಇಟ್ಟುಕೊಂಡವರು ಈ ದೇಶದಲ್ಲಿ ಕಡಿಮೆ ಆಗಿಲ್ಲ. ಈ ಕೆಲಸ ಬಂದಾಗ ಮಾಮೂಲಿ ಸರ್ವಿಸ್ ಕೂಲಿಗೆ ಒಪ್ಪಬೇಡಿ, ಗಂಟೆ ಬರೆದಿಟ್ಟು ಬೇರೆ ದರ ಕೇಳಿ. ಈ ಗಾಡಿ ಮುಗಿದ ಮೇಲೆ ನಾನು ಕೇಳಿದೆ. ಕೇಳಿದಷ್ಟು ಸಿಗಲಿಲ್ಲ, ಮೊದಲಿಗಿಂತ ಹೆಚ್ಚು ಸಿಕ್ಕಿತು.

ಊರಿಗೆ ಮರಳಿ ಹೋಗೋರಿಗೂ ಇದರಲ್ಲಿ ಅನ್ನ ಇದೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಹಳೇ ಜೀಪುಗಳು ಇನ್ನೂ ದುಡೀತಿವೆ. ಒಂದು ಎಚ್ಚರ ಹೇಳ್ತೀನಿ. ಅಲ್ಲಿ ಈಗ ಪೆಟ್ರೋಲಿಗೆ 20% ಎಥನಾಲ್ ಬೆರೆಸ್ತಾರೆ. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್, ಕಾರ್ಬೊರೇಟರಿನ ವಾಷರು ಅದಕ್ಕೆ ತಡೆಯಲ್ಲ, ಮೆತ್ತಗಾಗಿ ಸೋರುತ್ತೆ. ಎಥನಾಲ್ ತಡೆಯುವ ಹೋಸ್, ಕಿಟ್ ಹಾಕಿ. ಸಿಂಗಲ್ ಸರ್ಕ್ಯೂಟ್ ಬ್ರೇಕ್ ಇರುವ ಹಳೇ ಜೀಪು ಸಿಕ್ಕಿದರೆ, ಬೇರೆ ಏನು ಮಾಡುವ ಮೊದಲೂ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಹಾಕಿ. ಚಾರ್ಮಾಡಿ ಘಾಟಿಯಲ್ಲಿ ಒಂದು ಪೈಪು ಒಡೆದರೂ ಇನ್ನೊಂದು ಉಳಿದಿರುತ್ತೆ.

ನಾನು ಈ ಕೆಲಸದ ಅಳತೆಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿದ್ದೀನಿ. 96 ಪುಟ ಆಗಿದೆ, ಗ್ರೀಸಿನ ಕಲೆಯೂ ಇದೆ. ಜೆರಾಕ್ಸ್ ಬೇಕಾದವರು ಹೆಸರು ಕೊಡಿ. ಮುಂದಿನ ತಿಂಗಳ ಕೂಟಕ್ಕೆ ಒಂದು ಹಳೇ ಕಾರ್ಬೊರೇಟರ್, ಒಂದು ವೀಲ್ ಸಿಲಿಂಡರ್ ತರ್ತೀನಿ. ಊಟ ಆದಮೇಲೆ ಹಿಂದಿನ ಮೇಜಿನ ಮೇಲೆ ಬಿಚ್ಚಿ ಕೂರಿಸೋಣ. ಮಕ್ಕಳೂ ಬರಲಿ, ಕೈ ಮಸಿಯಾದರೆ ತೊಳೆಯೋಕೆ ಸೋಪು ನಾನೇ ತರ್ತೀನಿ.

 ಪ್ರಶ್ನೆಗಳಿದ್ದರೆ ಈಗ ಕೇಳಿ.